ಯಾವ ಮದ್ದು?

ನಮ್ಮ ಕಡೆ ಮದ್ದು ಎಂಬ ಒಂದು ಶಬ್ದಕ್ಕೆ ಹೊರಿಸಿದಷ್ಟು ಕೆಲಸವನ್ನು ಎತ್ತಿಗೂ ಯಾರೂ ಹೊರಿಸುವುದಿಲ್ಲ. ಜ್ವರ ಬಂದರೆ ಕುಡಿಯುವುದು ಮದ್ದು, ಅಡಕೆ ಗೊನೆಗೆ ಹೊಡೆಯುವುದು ಮದ್ದು, ಇಲಿಗೆ ಇಡುವುದು ಮದ್ದು, ಕಣ್ಣಿಗೆ ಹಾಕುವುದು ಮದ್ದು, ಕೋವಿಗೆ ತುಂಬುವುದೂ ಮದ್ದು. ಗಂಡ ಸ್ವಲ್ಪ ಹೆಂಡತಿಯ ಮಾತು ಕೇಳುವವನಾದರೆ, ಅವಳು ಅವನಿಗೆ ಹಾಕಿದ್ದಾಳೆಂದು ಊರವರು ಪಿಸುಗುಡುವುದೂ ಮದ್ದೇ. ಇಷ್ಟೊಂದು ಶಬ್ದಗಳಿರುವ ಭಾಷೆಯಲ್ಲಿ ಇನ್ನೊಂದು ನಾಲ್ಕು ಶಬ್ದ ಮಾಡಿಕೊಳ್ಳಲು ನಮ್ಮ ಹಿರಿಯರಿಗೆ ಏನು ಧಾಡಿಯಾಗಿತ್ತೋ! ಆ ಸೋಮಾರಿತನದಿಂದ ನಾನು ಒಂದು ಬೆಳಿಗ್ಗೆ ವಿಧವೆಯಾಗುವುದರಲ್ಲಿದ್ದೆ.

ನನ್ನ ತವರು ಸಿದ್ದಾಪುರದ ಕಡೆ. ಅಲ್ಲಿ ನಮ್ಮ ಮನೆಯಲ್ಲಿ ಕೋವಿ ಇರಲಿಲ್ಲ. ಯಲ್ಲಾಪುರ ತಾಲ್ಲೂಕಿನಲ್ಲಿ ವಜ್ರಳ್ಳಿಯ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದಾಗ, ನಡುಮನೆಯ ಗೋಡೆಯ ಗೂಟಗಳ ಮೇಲೆ ಅಡ್ಡ ಮಲಗಿದ್ದ ಕೋವಿಯನ್ನು ಕಂಡು ಬೆವೆತಿದ್ದೆ. ಬೆಳೆ ರಕ್ಷಣೆಗೆಂದು ಮಾವನ ಹೆಸರಿನಲ್ಲಿ ಲೈಸೆನ್ಸ್ ಇರುವ ಒಂಟಿ ನಳಿಗೆಯ ಹಳೇ ಕೋವಿ ಅದು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಆ ದಿನಗಳಲ್ಲಿ ಮಾವನ ಮುಖ ನೋಡಬೇಕು, ಮಗಳನ್ನು ಗಂಡನ ಮನೆಗೆ ಕಳಿಸಿ ಬಂದವರ ಹಾಗೆ ಇರುತ್ತದೆ.

ತೋಟಾ ಹಾಕಿ ಮಡಚುವ ಕೋವಿಯಲ್ಲ ಇದು, ಬಾಯಿಯಿಂದಲೇ ತುಂಬಬೇಕಾದದ್ದು. ಮೊದಲು ಮದ್ದು, ಅದರ ಮೇಲೆ ತೆಂಗಿನ ನಾರಿನ ಕತ್ತ, ಆಮೇಲೆ ಗುಂಡೋ ಸಣ್ಣ ಕಾಳಿನಂಥ ಚರೆಯೋ, ಅದು ಉರುಳಿ ಬೀಳದಂತೆ ಮತ್ತೆ ಕತ್ತ. ಪ್ರತಿಯೊಂದನ್ನೂ ಗಜವೆಂಬ ಉದ್ದ ಸಲಾಕೆಯಿಂದ ಜಡಿದು ಕೂರಿಸಬೇಕು. ಕೊನೆಗೆ, ಹೊಡೆಯುವ ಹೊತ್ತಿಗೆ ಮಾತ್ರ, ಹಿಂದಿನ ಮೊಲೆತೊಟ್ಟಿನಂಥ ತೂತಿನ ಮೇಲೆ ಪುಟ್ಟ ಕೇಪು. ಕುದುರೆಯೆಂಬ ಸುತ್ತಿಗೆ ಬಿದ್ದು ಕೇಪು ಸಿಡಿದರೆ ಕಿಡಿ ಒಳಗಿನ ಮದ್ದಿಗೆ ಹೋಗುತ್ತದೆ, ಢಂ ಎಂದು ಕೋವಿ ಹಾರುತ್ತದೆ. ಹೀಗೆ ಒಂದು ಸಲ ತುಂಬಿದ್ದಕ್ಕೆ ಒಂದು ಈಡು ಎನ್ನುತ್ತಾರೆ.

ಈಡು ತುಂಬುವುದರಲ್ಲಿ ಮಾವನದು ಅಡುಗೆಭಟ್ಟರ ಗತ್ತು. ಮದ್ದನ್ನು ಅಂಗೈ ಮೇಲೆ ಸುರುವಿ ಹೆಬ್ಬೆರಳಿನಿಂದ ತಿಕ್ಕಿ ನೋಡುವರು. ನುಣ್ಣಗಾದರೆ ಸಿಟ್ಟು, ತರಿತರಿಯಾದರೆ ಸಿಟ್ಟು, ಥಂಡಿ ಹಿಡಿದಿದ್ದರಂತೂ ತಂದುಕೊಟ್ಟವನ ಅಜ್ಜನಿಂದ ಶುರುಮಾಡಿ ಬೈಗುಳ. ಅಳತೆಗೆ ಬಿದಿರಿನ ಸಣ್ಣ ಗೊಟ್ಟ. ಗುಂಡುಗಳನ್ನು ಒಂದೊಂದಾಗಿ ನಳಿಗೆಯ ಬಾಯಿಗೆ ಇಟ್ಟು, ಜಾರಿ ಹೋಗುವುದು ಬೇಡ, ಸಿಕ್ಕಿಕೊಳ್ಳುವುದೂ ಬೇಡ ಎಂದು ಆರಿಸುವರು. "ಒಂದೊಂದು ಕೋವಿಗೆ ಒಂದೊಂದು ಹದ ತಂಗೀ, ನಿನ್ನ ದೋಸೆ ಕಾವಲಿ ಇದ್ದಾಂಗೆ" ಎಂದು ನನಗೆ ಪಾಠ ಬೇರೆ. ಹುಡುಗಾಟದ ಕಾಲದಲ್ಲಿ ಊರ ಜನರೊಟ್ಟಿಗೆ ಜಿಂಕೆಗೆ, ಕಡವೆಗೆ ಹೋದವರಂತೆ. ತಿನ್ನುವ ಜಾತಿಯಲ್ಲ, ಮತ್ತೇಕೆ ಹೊಡೆಯುತ್ತಿದ್ದಿರಿ ಎಂದು ಒಮ್ಮೆ ಕೇಳಿದೆ. "ಹಪ್ಪಳ ಲಟ್ಟಿಸಿದವು ಎಲ್ಲ ತಾವೇ ತಿಂತ್ವನೇ?" ಎಂದರು. ಆ ಬಾಯಿಗೆ ಉತ್ತರ ಕೊಟ್ಟು ಗೆದ್ದವರಿಲ್ಲ.

ಅವರ ಲೆಕ್ಕದಲ್ಲಿ ಹಕ್ಕಿ ಈಡು ಬೇರೆ, ಜಿಂಕೆ ಈಡು ಬೇರೆ, ಹಂದಿ ಈಡು ಬೇರೆ. ಹಂದಿ ಈಡು ಎಂದರೆ ಮದ್ದು ಜಾಸ್ತಿ, ಮೇಲೆ ಒಂಟಿ ಗುಂಡು. ಜಿಂಕೆ ಈಡಿನ ಕಥೆ ಮಾತ್ರ ಬದಲಾಗಿದೆ. ಈಗ ಜಿಂಕೆ ಹೊಡೆದರೆ ನೇರ ಜೈಲು. ಜೈಲಿಗಿಂತ ಮೊದಲು ಅತ್ತೆ. "ಆ ಪಾಪದ್ದಕ್ಕೆ ಸೀಸ ಹಾಕಿರೆ ಆ ದಿನ ಈ ಮನೆಲಿ ಒಲೆ ಹಚ್ತಿಲ್ಲೆ" ಎಂದು ಅತ್ತೆ ಎಂದೋ ಹೇಳಿ ಮುಗಿಸಿದ್ದಾರೆ. ಹಾಗಾಗಿ ನಮ್ಮಲ್ಲಿ ಜಿಂಕೆ ಈಡೆಂದರೆ ಮದ್ದು ಮತ್ತು ಕತ್ತ ಅಷ್ಟೇ, ಗುಂಡಿಲ್ಲ. ಢಂ ಎಂದರೆ ಹಿಂಡು ಗದ್ದೆ ಬಿಟ್ಟು ಓಡಬೇಕು, ಬೇರೇನೂ ಆಗಬಾರದು. ನನಗೂ ಅದೇ ಸಮಾಧಾನ.

ಮನೆಯಲ್ಲಿ ಇನ್ನೊಂದು ಕಟ್ಟುನಿಟ್ಟು ಇತ್ತು. ತುಂಬಿದ ಕೋವಿಯ ಬಾಯಿಗೆ ಅಡಕೆ ಹಾಳೆಯ ಚೂರು ಸುತ್ತಿ, ದಾರ ಕಟ್ಟಿ, ಟೊಪ್ಪಿ ತೊಡಿಸಬೇಕು. ಟೊಪ್ಪಿ ಇದ್ದರೆ ಈಡು ಇದೆ, ಬೋಳುತಲೆಯಾದರೆ ಖಾಲಿ. ಯಾಕಿಷ್ಟು ಜಾಗ್ರತೆ ಎಂದರೆ, ತುಂಬಿದ ಕೋವಿಗೆ ಗೊತ್ತಿಲ್ಲದೆ ಮತ್ತೊಮ್ಮೆ ತುಂಬಿ ಹೊಡೆದರೆ ಗುಂಡು ಮುಂದೆ ಹೋಗುವುದಿಲ್ಲ, ನಳಿಗೆಯೇ ಒಡೆಯುತ್ತದೆ. ಮಾವನ ಗೆಳೆಯರೊಬ್ಬರ ಎಡಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಬೇರೆ ಬೆರಳಿಲ್ಲ. ಅವರು ಮನೆಗೆ ಬಂದು ಆ ಕೈಯಲ್ಲಿ ಚಹದ ಲೋಟವನ್ನು ಎದೆಗೆ ಒತ್ತಿ ಹಿಡಿದು ಕುಡಿಯುವುದನ್ನು ನೋಡಿದ ಮೇಲೆ ನನಗೆ ಬೇರೆ ವಿವರ ಬೇಕಾಗಲಿಲ್ಲ.

ಈಗ ಆ ವರ್ಷದ ಮಾತು. ದೀಪಾವಳಿಗೆ ಸ್ವಲ್ಪ ಮೊದಲು ಶಿರಸಿಯಲ್ಲಿ ಮಾವನ ಬಲಗಣ್ಣಿನ ಪೊರೆ ತೆಗೆಸಿದೆವು. ಎಡಗಣ್ಣಿನ ಪೊರೆ ಇನ್ನೂ ಇತ್ತು. ಕಪ್ಪು ಕನ್ನಡಕ ಹಾಕಿಸಿ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದೇನು? ಬಗ್ಗಬೇಡಿ, ಭಾರ ಎತ್ತಬೇಡಿ, ಹೊಗೆ ಧೂಳು ಬೇಡ, ಹೊತ್ತು ಹೊತ್ತಿಗೆ ಮದ್ದು ಹಾಕಿ. ಮದ್ದು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ತಿಂಡಿಯಾದ ಮೇಲೆ ಮದ್ದು, ಊಟವಾದ ಮೇಲೆ ಮದ್ದು, ನನ್ನ ತಲೆಯಲ್ಲಿ ಬೇರೆ ವಿಚಾರವೇ ಇಲ್ಲ. ಅತ್ತೆಗೆ ಮಾತ್ರ ಕೋವಿಯದೇ ಚಿಂತೆ. "ಕಣ್ಣು ಸಮಾ ಆಗದ್ದೆ ಕೋವಿ ಮುಟ್ಟಿರೆ ಆನು ತವರಿಗೆ ಹೋಗ್ತೆ, ನೋಡಿ" ಎಂದು ಬೆದರಿಸಿದರು. ಆ ಬೆದರಿಕೆಗೆ ಮಾವ ಮದುವೆಯಾದ ವರ್ಷ ಹೆದರಿದ್ದರೋ ಏನೋ, ಆಮೇಲೆ ಹೆದರಿದ್ದನ್ನು ಕಂಡವರಿಲ್ಲ. ಅದು ಅತ್ತೆಗೂ ಗೊತ್ತು. ಹಾಗಾಗಿ ಕೋವಿಮದ್ದಿನ ಡಬ್ಬವನ್ನು ಅದರ ಗೂಡಿನಿಂದ ತೆಗೆದು, ಮಗನ ಹತ್ತಿರ ಮಾತ್ರ ಹೇಳಿ, ಮೆತ್ತಿನ ಮೇಲೆ, ಅಂದರೆ ಅಟ್ಟದಲ್ಲಿ, ಅಡಗಿಸಿಟ್ಟರು.

ಭತ್ತದ ತೆನೆ ಬಾಗಿ ಹಳದಿಗೆ ತಿರುಗಿತ್ತು. ಅಂದು ಬೆಳಿಗ್ಗೆ ನಾನು ದೋಸೆ ಹೊಯ್ಯುತ್ತಿದ್ದೆ. ಗದ್ದೆ ನೋಡಿ ಬರಲು ಹೋಗಿದ್ದ ನನ್ನ ಗಂಡ ಓಡುತ್ತ ಬಂದರು. ಜಿಂಕೆಯ ಹಿಂಡು ಗದ್ದೆಯ ನಡುವೆಯೇ ನಿಂತು ಮೇಯುತ್ತಿದೆ, ಕೂಗಿದರೂ ಕದಲುತ್ತಿಲ್ಲ. ಕೋವಿ ಗೂಟದಲ್ಲಿ ಇರಲಿಲ್ಲ. ಹುಡುಕಿದರೆ ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿತ್ತು, ಬೋಳುತಲೆಯಲ್ಲಿ. ಇದು ಇಲ್ಲಿಗೆ ಹೇಗೆ ಬಂತು ಎಂದು ಅವರಿಗೂ ಒಂದು ಸಣ್ಣ ಸಂಶಯ ಬಂತಂತೆ. ಅಲ್ಲಿಂದಲೇ ಒದರಿದರು:

"ಮದ್ದು ಹಾಕಿ ಆಯ್ದನೇ?"

ನಾನು ಸಟ್ಟುಗ ಹಿಡಿದುಕೊಂಡೇ ಕೂಗಿದೆ: "ಇಲ್ಲೆ, ಇನ್ನೂ ಹಾಕಿದ್ದಿಲ್ಲೆ! ತಿಂಡಿ ಆದ್ಮೇಲೆ ಹಾಕ್ತೆ!"

ತಿಂಡಿಯಾದ ಮೇಲೆ ಎಂದು ಸ್ಪಷ್ಟವಾಗಿ ಹೇಳಿದ್ದೆ. ತಿಂಡಿಯಾದ ಮೇಲೆ ಹೆಂಡತಿ ಕೋವಿಗೆ ಮದ್ದು ತುಂಬುವ ಸಂಸಾರ ಯಾವ ಲೋಕದಲ್ಲಿದೆ? ಆದರೆ ಈ ಮಹಾರಾಯರು 'ಇಲ್ಲೆ' ಎಂಬಲ್ಲಿಗೇ ಕಿವಿ ಮುಚ್ಚಿಕೊಂಡಿದ್ದರು. ಮೆತ್ತು ಹತ್ತಿ ಡಬ್ಬ ಇಳಿಸಿ, ಗಡಬಡೆಯಲ್ಲಿ ಒಂದು ಜಿಂಕೆ ಈಡು ತುಂಬಿ, ಕೇಪು ಜೇಬಿಗೆ ಹಾಕಿಕೊಂಡು ಓಡಿದರು. ಒಲೆಯ ಮುಂದಿನ ಕಿಟಕಿಯಿಂದ ಅವರು ಬೋಳು ಕೋವಿಗೆ ಗಜ ಜಡಿದದ್ದೂ, ಆಮೇಲೆ ಓಡಿದ ಬೆನ್ನೂ ಕಂಡಿತು. ಹಿಡಿದ ಕೆಲಸದಲ್ಲಿ ಎಷ್ಟು ಚುರುಕು ಎಂದು ಮನಸ್ಸಿನಲ್ಲೇ ಹೊಗಳಿದ್ದೆ ಕೂಡ.

ಸ್ವಲ್ಪ ಹೊತ್ತಿಗೆ ಮಾವ ಕನ್ನಡಕ ಸರಿಮಾಡಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದರು. ಕಳ್ಳಬೆಕ್ಕಿನ ಹೆಜ್ಜೆ. ಅತ್ತೆ ಹಿತ್ತಲಲ್ಲಿದ್ದಾರೆ ಎಂದು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕೇಳಿದರು: "ತಂಗೀ, ಕೊಟ್ಟಿಗೆಲಿ ಕೋವಿ ಇತ್ತು, ಎಲ್ಲಿ ಹೋತು?"

"ಅವ್ರು ಗದ್ದೆಗೆ ತಗಂಡು ಹೋದ್ರು ಮಾವ, ಜಿಂಕೆ ಬಿದ್ದಿದ್ದಡ."

"ಹಂಗಾದ್ರೆ ಅಡ್ಡಿಲ್ಲೆ." ಮಾವನ ಮುಖ ಅರಳಿತು. "ನಿನ್ನ ಅತ್ತೆಗೆ ಹೇಳಡ. ಬೆಳಗಾಪ್ಪಗ ಎದ್ದು ಆನೇ ಒಂದು ಹಂದಿ ಈಡು ತುಂಬಿ ಕೊಟ್ಟಿಗೆಲಿ ಅಡಗಿಸಿಟ್ಟಿದ್ದೆ. ಕಣ್ಣು ಕಾಣದ್ರೆ ಎಂತಾತು, ಕೈಗೆ ಗೊತ್ತಿದ್ದಲೇ."

ಸಟ್ಟುಗ ನನ್ನ ಕೈಯಿಂದ ಬಿತ್ತು. "ಮಾವ, ಅವ್ರೂ ತುಂಬಿದ್ರು!"

"ಎಂತ ಮಾತಾಡ್ತ್ಯೆ! ಟೊಪ್ಪಿ ಹಾಕಿದ್ದೆ ಆನು!"

"ಟೊಪ್ಪಿ ಇತ್ತಿಲ್ಲೆ!"

ಇಬ್ಬರೂ ಕೊಟ್ಟಿಗೆಗೆ ಓಡಿದೆವು. ಕಂಬದ ಪಕ್ಕ ಕಟ್ಟಿದ್ದ ಕರು ನಮ್ಮನ್ನು ನೋಡಿ ನಿಧಾನಕ್ಕೆ ದವಡೆ ಆಡಿಸಿತು. ಅದರ ಬಾಯಿಯ ಮೂಲೆಯಲ್ಲಿ ಟೊಪ್ಪಿಗೆ ಕಟ್ಟಿದ್ದ ದಾರ ಇನ್ನೂ ಜೋತಾಡುತ್ತಿತ್ತು. ಹಾಳೆ ಎಂದರೆ ನಮ್ಮ ದನಗಳಿಗೆ ಹಬ್ಬದೂಟ, ಅದು ಕೋವಿಯ ತಲೆಯ ಮೇಲಿದ್ದರೇನು, ಯಾರ ತಲೆಯ ಮೇಲಿದ್ದರೇನು.

ಫೋನು ಮಾಡೋಣವೆಂದರೆ ಅವರ ಫೋನು ಜಗಲಿಯಲ್ಲಿ ಚಾರ್ಜಿಗೆ ಇತ್ತು. ನಾನು ಸೀರೆ ಎತ್ತಿ ಕಟ್ಟಿ ಓಡಿದೆ. ಹಿಂದಿನಿಂದ ಮಾವನೂ ಓಡಿಬರುವ ಸದ್ದು, ಅವರ ಹಿಂದೆ ಅತ್ತೆ "ಕಣ್ಣೂ! ಅಯ್ಯೋ ಕಣ್ಣು! ನಿಲ್ಲಿ ಅಂದ್ರೆ!" ಎಂದು ಕೂಗುವ ಸದ್ದು. ನಾನು ತಿರುಗಿ ನೋಡಲಿಲ್ಲ. ಮನೆಯಿಂದ ಗದ್ದೆಗೆ ಇಳಿಯುವ ದಾರಿ ನನಗೆ ದಿನಾ ಓಡಾಡುವ ದಾರಿ, ಆದರೆ ಅಂದು ಅದಕ್ಕೆ ಕೊನೆಯೇ ಇಲ್ಲ. ಢಂ ಎಂಬ ಸದ್ದು ಈಗ ಕೇಳುತ್ತದೆ, ಈಗ ಕೇಳುತ್ತದೆ ಎಂದು ಕಿವಿ ಉರಿಯುತ್ತಿತ್ತು. ಕೇಳದಿರುವವರೆಗೆ ನನ್ನ ಗಂಡ ಇದ್ದಾರೆ. ಆ ಕೆನ್ನೆ, ಆ ಕಣ್ಣು, ಬೆಳಿಗ್ಗೆ ಕ್ಷೌರ ಮಾಡಿಕೊಂಡು ಕಿವಿಯ ಹತ್ತಿರ ಸೋಪು ಒರೆಸುವುದನ್ನು ಮರೆತಿದ್ದ ಆ ಮುಖ. ಹೇಳಿದ್ದೆ, ಒರೆಸಿಕೊಳ್ಳಿ ಎಂದು. ಇದ್ದಬದ್ದ ದೇವರನ್ನೆಲ್ಲ ಕರೆದೆ, ತವರಿನ ದೇವರನ್ನೂ ಬಿಡಲಿಲ್ಲ.

ಆಗ ನೆನಪಾಯಿತು, ಕೂ ಹಾಕಬೇಕೆಂದು. ಈ ಕಡೆ ಕಾಡಿನಲ್ಲಿ, ಗದ್ದೆಯಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಹೆಸರು ಹಿಡಿದಲ್ಲ, ಉದ್ದಕ್ಕೆ ಕೂ ಎಂದು. ನನ್ನ ಕೂ ಈ ಮನೆಯಲ್ಲಿ ದೊಡ್ಡ ತಮಾಷೆ. "ಸಿದ್ದಾಪುರದ ಕೂ ಅಂಗಳ ದಾಟ್ತಿಲ್ಲೆ" ಎಂದು ನನ್ನ ಗಂಡನೇ ನಗೆಯಾಡುತ್ತಿದ್ದರು. ಅಂದು ಹೊಟ್ಟೆಯ ಒಳಗಿಂದ ಎಳೆದು ಒಂದು ಕೂ ಹಾಕಿದೆ ನೋಡಿ, ಗಂಟಲು ಹರಿಯಿತೆಂದೇ ಅನಿಸಿತು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕೆಳಗಿನಿಂದ ಉತ್ತರ ಬಂತು: "ಕೂ...!"

ಅಷ್ಟು ಚಂದದ ಸದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ. ಅಳುತ್ತಲೇ ಓಡಿದೆ. ಗದ್ದೆಯ ಅಂಚಿಗೆ ಬಂದರೆ, ಪುಣ್ಯಾತ್ಮರು ಕೋವಿಯನ್ನು ಮೊಣಕಾಲಿಗೆ ಆನಿಸಿಕೊಂಡು ಹೊಸ ಕೇಪು ಕೂರಿಸುತ್ತಿದ್ದಾರೆ.

"ಹೊಡೆಯಡಿ! ಹೊಡೆಯಡಿ! ಕೆಳಗೆ ಇಡಿ ಅದನ್ನ!"

ಅವರಿಗೆ ಸಿಟ್ಟು ಬಂತು. "ಹೊಡೆಯಲೆ ಅದು ಹಾರಕ್ಕಲೇ! ಎರಡು ಕೇಪು ಹೋತು, ಬರೇ ಟಪ್ ಹೇಳ್ತು. ಈಗ ನೀ ಬೇರೆ ಕೂಗಿ ಎಲ್ಲಾ ಓಡ್ಸಿದೆ!"

ನಿಜವೇ, ಜಿಂಕೆಗಳು ಓಡಿಹೋಗಿದ್ದವು. ಕೇಪಿನ ಟಪ್ ಸದ್ದಿಗೆ ಅವು ಕಿವಿ ನಿಗುರಿಸಿ, ಇದು ನಮಗೆ ಸಂಬಂಧಪಟ್ಟದ್ದಲ್ಲ ಎಂದು ಮತ್ತೆ ತೆನೆಗೆ ಬಾಯಿ ಹಾಕಿದ್ದವಂತೆ. ಕೋವಿ ಮಾಡದ ಕೆಲಸವನ್ನು ನನ್ನ ಗಂಟಲು ಮಾಡಿತ್ತು. ನಾನು ಏದುಸಿರಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರು ಹೊಸ ಕೇಪನ್ನು ತೆಗೆದು, ಕೋವಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಗದ್ದೆಯ ಬದುವಿನ ಮೇಲೆ ಕುಳಿತುಬಿಟ್ಟರು. ಕಿವಿಯ ಹತ್ತಿರ ಸೋಪು ಹಾಗೇ ಒಣಗಿತ್ತು. ಸೆರಗಿನಿಂದ ಒರೆಸಿದೆ. ಸೋಪು ಹೋದ ಮೇಲೂ ಸುಮ್ಮನೆ ಇನ್ನೂ ಸ್ವಲ್ಪ ಹೊತ್ತು ಒರೆಸಿದೆ.

ಅತ್ತೆಯ ತೋಳು ಹಿಡಿದುಕೊಂಡು ಮಾವ ಬಂದರು. ಕಪ್ಪು ಕನ್ನಡಕದಲ್ಲಿ ಏನೂ ಸರಿಯಾಗಿ ಕಾಣದೆ, ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತಡವಿದರು. ಆಮೇಲೆ ಎಡಗೈ ಹಿಡಿದು ಒಂದೊಂದೇ ಬೆರಳನ್ನು ಮುಟ್ಟಿದರು. ಅದೆಲ್ಲ ಮುಗಿದ ಮೇಲೆ ಸ್ವರ ಬಂತು, ಬಂದದ್ದೇ ಬೈಗುಳವಾಗಿ.

"ಗಜ ಹಾಕಕ್ಕಾದ್ರೆ ಗೊತ್ತಾಜಿಲ್ಯನಾ? ಅಷ್ಟುದ್ದ ಮೇಲೆ ನಿಂತದ್ದು ಕಂಡಿದ್ದಿಲ್ಯನಾ?"

"ಕಂಡಿತ್ತು ಅಪ್ಪಯ್ಯ. ಕತ್ತ ಜಾಸ್ತಿ ಆತು ಹೇಳಿ ತಿಳ್ಕಂಡಿದ್ದೆ."

"ಕತ್ತ ಅಲ್ಲ, ನಿನ್ನ ತಲೆ!"

"ಅವಂಗೆ ಬೈಯಡಿ" ಎಂದು ಅತ್ತೆ ತಿರುಗಿಬಿದ್ದರು. "ಕದ್ದು ತುಂಬಿದ್ದು ಯಾರು? ಡಾಕ್ಟ್ರ ಹತ್ರ ಹೇಳ್ತೆ, ತಡೀರಿ."

ಮಾವ ಮನೆಯ ಕಡೆ ತಿರುಗಿದರು. ಮನೆಯ ದಾರಿಯಲ್ಲಿ ಅರ್ಧಕ್ಕೆ ಬಂದಾಗ ಅವರಿಗೆ ಬೇರೆಯೇ ಯೋಚನೆ ಹತ್ತಿತು. ಎರಡು ಕೇಪು ಸಿಡಿದರೂ ಕೋವಿ ಹಾರಲಿಲ್ಲ ಯಾಕೆ? ಮಗ ಬದುಕಿದ ಸಂತೋಷದ ಬೆನ್ನಿಗೇ ಮದ್ದಿನ ಮರ್ಯಾದೆಯ ಪ್ರಶ್ನೆ. "ಆನು ತುಂಬಿದ ಈಡು ಇಂದಿನವರೆಗೆ ಹುಸಿ ಹೋಜಿಲ್ಲೆ" ಎಂದು ಗೊಣಗುತ್ತಲೇ ಇದ್ದರು. ಒಳ್ಳೆಯದಾಯಿತು ಮಾರಾಯ್ರೇ, ಒಂದು ಹುಸಿ ಹೋಗಲಿ ಎಂದು ನನಗೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಅಂಗಳದಲ್ಲಿ ನಳಿಗೆಯೊಳಗೆ ನೀರು ಹೊಯ್ದು ನೆನೆಸಿಟ್ಟರು. ಆಮೇಲೆ ಗಜದ ತುದಿಗೆ ತಿರುಪು ಸಿಕ್ಕಿಸಿ ನನ್ನ ಗಂಡ ಒಂದೊಂದೇ ಎಳೆಯತೊಡಗಿದರು. ಮೊದಲು ಕತ್ತ ಬಂತು, ಆಮೇಲೆ ಅವರೇ ತುಂಬಿದ ಮದ್ದು ಕೆಸರಾಗಿ ಬಂತು, ಗಂಧಕದ ನಾತ. ಮತ್ತೆ ಕತ್ತ. ಮತ್ತೆ ಮಾವನ ಒಂಟಿ ಗುಂಡು ಕೆಳಗೆ ಹಾಸಿದ್ದ ಅಡಕೆ ಹಾಳೆಯ ಮೇಲೆ ಟಕ್ ಎಂದು ಬಿತ್ತು. ಅದನ್ನು ಕಂಡು ಅತ್ತೆ ಕಣ್ಣು ಮುಚ್ಚಿಕೊಂಡರು. ಮತ್ತೆ ಕತ್ತ. ಕೊನೆಗೆ ತಳದ ಕರೀ ಪುಡಿ ಮುದ್ದೆಯಾಗಿ ಹೊರಗೆ ಬಂದದ್ದೇ ಅಂಗಳವೆಲ್ಲ ಘಮ್ಮೆಂದಿತು.

ಜಾಯಿಕಾಯಿ.

ಅತ್ತೆ ಬಗ್ಗಿ ಮೂಸಿದರು. ಬೆರಳಿನಲ್ಲಿ ತೆಗೆದು ನಾಲಿಗೆಗೆ ಇಟ್ಟರು. "ಅಯ್ಯ ರಾಮಾ! ಇದು ಎನ್ನ ಕರಿಮದ್ದು!"

ಕರಿಮದ್ದು ಎಂದರೆ ಹೊಟ್ಟೆ ಕೆಟ್ಟು ಭೇದಿ ಹತ್ತಿದರೆ ಅದನ್ನು ಕಟ್ಟಲು ಅತ್ತೆ ಕೊಡುವ ಪುಡಿ. ಜಾಯಿಕಾಯಿ, ದಾಳಿಂಬೆ ಸಿಪ್ಪೆ ಎಲ್ಲ ಕರಿಯಾಗುವಂತೆ ಹುರಿದು ಕುಟ್ಟಿಟ್ಟದ್ದು, ಮನುಷ್ಯರಿಗೂ ಆಗುತ್ತದೆ, ಕರುವಿಗೂ ಆಗುತ್ತದೆ. ಕೋವಿಮದ್ದಿನ ಡಬ್ಬವನ್ನು ಮೆತ್ತಿಗೆ ಸಾಗಿಸಿದ ಮೇಲೆ, ಗೂಡು ಸುಮ್ಮನೆ ಖಾಲಿ ಇದೆಯಲ್ಲ ಎಂದು ಅತ್ತೆ ತಮ್ಮ ಡಬ್ಬವನ್ನು ಅಲ್ಲಿ ಇಟ್ಟಿದ್ದರು. ಮಾವ ಬೆಳಕು ಹರಿಯುವ ಮೊದಲು ತಡವಿದ್ದಾರೆ. ಅದೇ ಗೂಡು, ಅಂಥದೇ ಡಬ್ಬ, ಒಳಗೆ ಅಂಥದೇ ತರಿ. ವಾಸನೆ ಹೇಳಬೇಕಿತ್ತು, ಆದರೆ ನಶ್ಯ ಏರಿಸಿ ಏರಿಸಿ ಮಾವನ ಮೂಗು ಯಾವಾಗಲೋ ಸನ್ಯಾಸ ತೆಗೆದುಕೊಂಡಿತ್ತು. ಕೇಪಿನ ಕಿಡಿ ಎರಡು ಸಲವೂ ಹೋದದ್ದು ಜಾಯಿಕಾಯಿ ಪುಡಿಗೆ. ಮೇಲಿದ್ದ ನಿಜವಾದ ಮದ್ದಿಗೆ ಅದು ತಲುಪಲೇ ಇಲ್ಲ.

ಮೊದಲು ಅತ್ತೆಯೇ ಶುರುಮಾಡಿದರು. "ನೋಡಿ, ಎನ್ನ ಮದ್ದಿಗೆ ನೆಗೆ ಮಾಡ್ತಿದ್ರಲಿ ಎಲ್ಲವೂ. ಕೋವಿಗೂ ಕಟ್ತು!"

ನನ್ನ ಗಂಡ ನಕ್ಕು ನಕ್ಕು ಅಂಗಳದಲ್ಲೇ ಕುಕ್ಕರಿಸಿದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು ಬಿಕ್ಕಳಿಕೆ ಹತ್ತಿತು. ಅತ್ತೆ ನಗುತ್ತಲೇ ಮಗನ ಬೆನ್ನಿಗೆ ಎರಡು ಗುದ್ದಿದರು. ಮಾವನೂ ನಕ್ಕರು, ಆದರೆ ಬೇಗ ನಿಲ್ಲಿಸಿ, ಸೋತವರ ಹಾಗೆ ಜಗಲಿಯ ಬೆಂಚಿನ ಮೇಲೆ ಹೋಗಿ ಮಲಗಿದರು.

ಈಗಲೂ ನಮ್ಮ ಮನೆಯಲ್ಲಿ ಯಾರಾದರೂ ಮದ್ದು ಎಂದರೆ, ಇನ್ನೊಬ್ಬರು ತಪ್ಪದೆ "ಯಾವ ಮದ್ದು?" ಎಂದು ಕೇಳುತ್ತಾರೆ. ನೆಂಟರಿಗೆ ಇವರಿಗೇನೋ ಆಗಿದೆ ಎನಿಸುತ್ತದೆ. ಎನಿಸಲಿ. ಟೊಪ್ಪಿಯೂ ಈಗ ಹಾಳೆಯದಲ್ಲ, ಹಳೇ ಚಪ್ಪಲಿಯ ರಬ್ಬರಿನದು.

ಆದರೆ ಅಂದಿನ ಮಾತು ಇನ್ನೊಂದಿದೆ. ತಿಂಡಿ, ಅಡುಗೆ ಎಲ್ಲ ತಡವಾಗಿ, ಕಣ್ಣಿನ ಮದ್ದಿನ ಹೊತ್ತು ಮೀರಿಹೋಗಿತ್ತು. ಬಾಟಲಿ ಹಿಡಿದು ಜಗಲಿಗೆ ಹೋದೆ. ಮಾವ ಅಂಗಾತ ಮಲಗಿದ್ದರು. ಅಂಗಳದಲ್ಲಿ ನನ್ನ ಗಂಡ ಕರುವಿಗೆ ಹಾಳೆಯ ಚೂರು ತೋರಿಸಿ ಕೊಡದೆ ಸತಾಯಿಸುತ್ತಿದ್ದರು. ನಾನು ಮೆಲ್ಲಗೆ ಕಪ್ಪು ಕನ್ನಡಕ ತೆಗೆದೆ. ಎರಡೂ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರದ ಬಿಳಿ ಕೂದಲೆಲ್ಲ ಒದ್ದೆಯಾಗಿತ್ತು. ಮಾವ ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಪಕ್ಕದಲ್ಲಿ ಕುಳಿತೆ.

ಅಂಗಳದಿಂದ ನನ್ನ ಗಂಡ ಇತ್ತ ತಿರುಗಿದರು. "ಎಂತಾತೇ? ಅಪ್ಪಯ್ಯಂಗೆ ಕಣ್ಣು ನೋವ್ತಡನಾ?"

ಮಾವ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು. "ಮದ್ದು ಉರೀತು ಹೇಳು" ಎಂದರು, ಪಿಸುಮಾತಿನಲ್ಲಿ.

"ಎಂತಿಲ್ಲೆ" ಎಂದು ಕೂಗಿದೆ. "ಮದ್ದು ಹಾಕಿದೆ, ಉರಿತಡ."

"ಯಾವ ಮದ್ದು?" ಎಂದು ಅವರು ಅಲ್ಲಿಂದಲೇ ನಕ್ಕರು. ಆ ಪ್ರಶ್ನೆ ನಮ್ಮ ಮನೆಯಲ್ಲಿ ಹುಟ್ಟಿದ್ದು ಆಗಲೇ.

ನನ್ನ ಕೈಯಲ್ಲಿದ್ದ ಬಾಟಲಿಯ ಮುಚ್ಚಳವನ್ನು ಇನ್ನೂ ತೆಗೆದೇ ಇರಲಿಲ್ಲ.